ಸುಖ ಐತೇನು? ತೋರಿಸು!

ನಮ್ಮ ಮಾಮಾನಷ್ಟು ಕಷ್ಟಪಟ್ಟು ಸುಖಪಟ್ಟವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲ್ಲೂಕುಗಳಲ್ಲಿ ದೀಪ ಹಚ್ಚಿ ಹುಡುಕಿದರೂ ಸಿಗಲಿಕ್ಕಿಲ್ಲ. ಉಳಿದವರಿಗೆ ಸುಖ ಬಂದರೆ ಬಂತು, ಹೋದರೆ ಹೋಯಿತು. ನಮ್ಮ ಮಾಮಾ ಹಾಗಲ್ಲ. ಸುಖದ ಬೆನ್ನು ಹತ್ತಿ, ಓಣಿ ಓಣಿ ಓಡಿಸಾಡಿ, ಮೂಲೆಗೆ ಒತ್ತಿ, ಅಂಗಿಯ ಕೊರಳಪಟ್ಟಿ ಹಿಡಿದು, "ಎಲ್ಲಿಗೆ ಹೊಂಟಿ ಮಗನ?" ಎಂದು ಕೇಳಿದವನು. ಸುಖ ಏನು ಉತ್ತರ ಕೊಟ್ಟಿತು ಅನ್ನುತ್ತೀರಾ? ಅದನ್ನೇ ಹೇಳಲಿಕ್ಕೆ ಕೂತಿದ್ದೇನೆ, ಸ್ವಲ್ಪ ತಡೀರಿ.

ಮೊದಲು ನನ್ನ ಬಗ್ಗೆ ಒಂದು ಮಾತು. ಮಂದಿಯ ಧ್ವನಿ ಕದಿಯುವುದು ನನ್ನ ಕಸುಬು. ಲಗ್ನದಲ್ಲಿ ಊಟಕ್ಕೆ ತಡವಾದರೆ, ಸಾಲಿಯ ಗ್ಯಾದರಿಂಗಿನಲ್ಲಿ ಮುಖ್ಯ ಅತಿಥಿ ಬರುವುದು ತಡವಾದರೆ ನನ್ನ ಕೈಗೆ ಮೈಕು ಕೊಡುತ್ತಾರೆ. ಚಳಿಗಾಲದ ಮುಂಜಾನೆ ಸುರುವಾಗಲು ಒಲ್ಲೆ ಅನ್ನುವ ಹಳೇ ಟ್ರ್ಯಾಕ್ಟರು, ಭಾಷಣದ ನಡುವೆ ಸಿಳ್ಳೆ ಹೊಡೆಯುವ ಮೈಕು, ಮೇಲಿನ ಸಾಹೇಬರಿಗೊಂದು ಧ್ವನಿ, ಕೆಳಗಿನವರಿಗೊಂದು ಧ್ವನಿ ತೆಗೆಯುವ ನಡುವಿನ ಸಾಹೇಬರು, ಎಲ್ಲಾ ನನಗೆ ಬರುತ್ತದೆ. ಬಾರದೇ ಇರುವುದು ನನ್ನ ಸ್ವಂತ ಧ್ವನಿ ಒಂದೇ. ಒಮ್ಮೆ ಜ್ವರ ಬಂದು ಕೌದಿ ಹೊದ್ದು, "ಅವ್ವಾ, ನೀರ..." ಎಂದು ನರಳಿದರೆ, ನಮ್ಮವ್ವ ಒಳಗಿನಿಂದಲೇ "ಇದು ಯಾರದಲೇ? ಬಾಳ ಛಲೋ ತಗದಿ!" ಎಂದಳು. ನೀರು ಬರಲಿಲ್ಲ, ಮೆಚ್ಚುಗೆ ಬಂತು!

ಇರಲಿ. ಮಾಮಾ ನಮ್ಮವ್ವನ ತಮ್ಮ. ಇಂಡಿಯಲ್ಲಿ ನಮ್ಮ ಓಣಿಯಲ್ಲೇ ಮನೆ. ಹೋದ ವರ್ಷದ ತನಕ ಬಸ್ ಕಂಡಕ್ಟರ್. ಅವನ ಪಾಲಿಗೆ ಹೆಚ್ಚಾಗಿ ಬರುತ್ತಿದ್ದದ್ದು ವಸ್ತಿ ಬಸ್ಸು. ಅಂದರೆ ಸಂಜೆ ಇಂಡಿಯಿಂದ ಹೊರಟು, ಭೀಮಾ ನದಿ ದಂಡೆಯ ಅಗರಖೇಡದಲ್ಲಿ ರಾತ್ರಿ ತಂಗಿ, ನಸುಕಿನಲ್ಲಿ ಹಾಲಿನ ಕ್ಯಾನು, ಕಾಯಿಪಲ್ಲೆಯ ಗಂಟು, ಆಕಳಿಸುವ ಮಂದಿ ಎಲ್ಲವನ್ನೂ ತುಂಬಿಕೊಂಡು ಮರಳುವ ಬಸ್ಸು. ಅದರ ಡ್ರೈವರ್ ದಸ್ತಗೀರ ಚಾಚಾ. ಇಬ್ಬರೂ ಒಂದೇ ಬಸ್ಸಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು.

ಮಾಮಾ ಮನೆ ಮುಟ್ಟುವ ಹೊತ್ತಿಗೆ ಓಣಿಯಲ್ಲಿ ಇನ್ನೂ ಅರ್ಧ ಕತ್ತಲೆ ಇರುತ್ತಿತ್ತು. ಊರ ಹೊರಗಿನ ಲಿಂಬೆ ತೋಟಗಳ ಕಡೆಯಿಂದ ಹೂವಿನ ವಾಸನೆ ಹೌದೋ ಅಲ್ಲವೋ ಅನ್ನುವ ಹಾಗೆ ತೇಲಿ ಬರುತ್ತಿತ್ತು. ಅಡುಗೆಮನೆಯಲ್ಲಿ ಅತ್ತಿ, ಅಂದರೆ ಮಾಮಾನ ಹೆಂಡತಿ, ಬಿಳಿಜೋಳದ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಮಾಮಾ ಚೀಲವನ್ನು ಗೂಟಕ್ಕೆ ಸಿಗಿಸಿ, ಅಡುಗೆಮನೆಯ ಗೋಡೆಯ ಈಚೆ ಕೌದಿ ಹಾಸಿ, ಆ ಪಟಪಟ ಸಪ್ಪಳ ಕೇಳುತ್ತ ಅಡ್ಡಾಗುತ್ತಿದ್ದ. ಅಡ್ಡಾದ ಅಂದರೆ ಮುಗಿಯಿತು. ನೀರಿನ ಮೋಟರು ಕಿರುಚಲಿ, ಕೋಳಿ ಎದೆ ಮೇಲೆ ಹತ್ತಿ ಕೂಗಲಿ, ನಾನು ಕಿವಿಗೆ ಬಾಯಿ ಹಚ್ಚಿ ಟ್ರ್ಯಾಕ್ಟರ್ ಸುರು ಮಾಡಲಿ, ಊಹೂಂ! ಒಂದಕ್ಕೆ ಮಾತ್ರ ಅವನಿಗೆ ಎಚ್ಚರವಾಗುತ್ತಿತ್ತು. ರೊಟ್ಟಿ ಮುಗಿದು ಸಪ್ಪಳ ನಿಂತಿತೋ, ಕಣ್ಣು ಬಿಡದೇ ಕೇಳುತ್ತಿದ್ದ.

"ಆತೇನು?"

"ಆತ್ರಿ. ಏಳ್ರಿ."

ಲೋಕದ ಮಂದಿ ಸಪ್ಪಳಕ್ಕೆ ಏಳುತ್ತಾರೆ. ಸಪ್ಪಳ ನಿಂತರೆ ಏಳುವ ಪ್ರಾಣಿ ಭೂಮಿಯ ಮೇಲೆ ಇದೊಂದೇ ಇರಬೇಕು!

ಆ ದಿನಗಳಲ್ಲಿ ಮಾಮಾನನ್ನು ಯಾರಾದರೂ "ಹೆಂಗದೀರಿ?" ಎಂದು ಕೇಳಿದರೆ "ನಡದೈತಿ" ಅನ್ನುತ್ತಿದ್ದ. ಅಷ್ಟೇ. ಬಸ್ಸಿಗೂ ಅದೇ ಉತ್ತರ, ಬಾಳ್ವೆಗೂ ಅದೇ ಉತ್ತರ.

ಕೆಟ್ಟದ್ದು ನಿವೃತ್ತಿಯ ದಿನ. ಶಾಲು ಹೊದಿಸಿದ ಅಧಿಕಾರಿಯೊಬ್ಬರು ಮೈಕಿನಲ್ಲಿ, "ಇನ್ನು ಮುಂದೆ ಇವರು ಸುಖವಾಗಿ, ಆನಂದವಾಗಿ ಇರಬೇಕು" ಎಂದುಬಿಟ್ಟರು. ಪಾಪ, ಎಲ್ಲರಿಗೂ ಹೇಳುವ ಮಾತು. ಆದರೆ ನಮ್ಮ ಮಾಮಾ ನೌಕರಿಯುದ್ದಕ್ಕೂ ಮೇಲಿನವರ ಒಂದು ಮಾತನ್ನೂ ಮೀರಿದವನಲ್ಲ! ಇದೂ ಆದೇಶ ಅಂತಲೇ ತಿಳಿದ. ಮರುದಿನ ಮುಂಜಾನೆ ಪಡಸಾಲೆಯ ನಡುವೆ ನಿಂತು ಘೋಷಿಸಿದ.

"ಇವತ್ತಿನಿಂದ ನಾ ಸುಖದಿಂದ ಇರತೇನಿ. ಯಾರೂ ಅಡ್ಡ ಬರಬ್ಯಾಡ್ರಿ!"

ಅತ್ತಿ ಅಂದಳು, "ಚಾ ಆರಾಕತ್ತೈತಿ. ಕುಡದು ಸುಖದಿಂದ ಇರ್ರಿ."

ಅಲ್ಲಿಗೇ ನಿಲ್ಲಿಸಿದ್ದರೆ ಈ ಪ್ರಬಂಧವೇ ಹುಟ್ಟುತ್ತಿರಲಿಲ್ಲ. ಮಾಮಾ ಮುದ್ದೇಬಿಹಾಳದಲ್ಲಿ ನಡೆದ ಒಂದು ಆನಂದ ಶಿಬಿರಕ್ಕೆ ಹೋದ. ಯಾವುದೋ ಮಂಗಲ ಕಾರ್ಯಾಲಯ, ಬಿಳಿ ಅಂಗಿಯ ಗುರೂಜಿ, ನೆಲದ ಮೇಲೆ ಸಾಲಾಗಿ ಚಾಪೆ. ಹೋಗುವಾಗ ಇವನೊಬ್ಬನೇ ಹೋಗಿದ್ದ. ಬರುವಾಗ ಒಂದು ಮೆತ್ತನೆಯ ದಿಂಬು, ಒಂದು ಸಣ್ಣ ಗಂಟೆ, ಮತ್ತು ನಮ್ಮೆಲ್ಲರನ್ನೂ ನೋಡಿ ಅಯ್ಯೋ ಪಾಪ ಅನ್ನುವ ಒಂದು ನಗು ತಂದ. ಆ ನಗುವನ್ನು ನಾನು ಇವತ್ತಿಗೂ ಮಾಡಿ ತೋರಿಸಬಲ್ಲೆ. ತುಟಿ ನಗುತ್ತದೆ, ಹುಬ್ಬು ಶ್ರದ್ಧಾಂಜಲಿ ಸಲ್ಲಿಸುತ್ತದೆ.

ಮೊದಲು ಸುರುವಾದದ್ದು ನಗುವ ವ್ಯಾಯಾಮ. ಸೂರ್ಯ ಹುಟ್ಟುವಾಗ ಮಾಳಿಗೆ ಹತ್ತಿ, ಕೈ ಮೇಲೆತ್ತಿ, ಹೊಟ್ಟೆಯ ತಳದಿಂದ ನಗಬೇಕಂತೆ. ಮಾಮಾನಿಗೆ ಬಸ್ಸಿನಲ್ಲಿ "ಮುಂದ ಸರಕೋರಿ" ಎಂದು ಕೂಗಿ ಕೂಗಿ ಗಂಟಲು ಒಡೆದುಹೋಗಿದೆ. ಅವನ ನಗು ಮೇಲೇರಿ, ನಡುಗಿ, ಮುರಿದು, ಕೊನೆಗೆ ಉದ್ದಕ್ಕೆ ಎಳೆಯುತ್ತ ಇಳಿಯಿತು. ಸ್ವಲ್ಪ ಹೊತ್ತಿಗೆಲ್ಲಾ ಓಣಿಯ ಹೆಣ್ಣುಮಕ್ಕಳು ತಲೆ ಮೇಲೆ ಸೆರಗು ಹೊದ್ದು ಒಬ್ಬೊಬ್ಬರಾಗಿ ಬಂದು ಕಟ್ಟೆಯ ಮೇಲೆ ಕೂತರು. ಗಂಡಸರು ಬೀದಿಯಲ್ಲಿ ಗುಂಪಾಗಿ, ಚಪ್ಪಲಿ ನೋಡಿಕೊಳ್ಳುತ್ತ ನಿಂತರು. ಹಿರಿಯಳೊಬ್ಬಳು ಅತ್ತಿಯ ಕೈ ಹಿಡಿದು ಕೇಳಿದಳು.

"ಯಾರ ಹೋದ್ರು ಯವ್ವಾ?"

ಅತ್ತಿ ಮಾಳಿಗೆಯ ಕಡೆ ನೋಡಿ, "ಇನ್ನಾ ಯಾರೂ ಹೋಗಿಲ್ಲ. ಹಿಂಗ ನಡದ್ರ ನಾನ ಹೋಗತೇನಿ" ಎಂದಳು.

ಆಗ ನಾವೆಲ್ಲಾ ನಕ್ಕೆವು. ಅದು ತಮಾಷೆಯ ಮಾತಾಗಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ನಂತರ ಬಂತು ತಪಾಸಣೆ. ಕಂಡಕ್ಟರಿಕೆ ಬಿಟ್ಟರೂ ಕಂಡಕ್ಟರನ ಕೈ ಸುಮ್ಮನಿರುತ್ತದೆಯೇ? ಸಂಜೆಗೆ ಮಾಮಾ ಮನೆಯಲ್ಲಿದ್ದವರನ್ನೆಲ್ಲಾ ಒಂದು ಕಡೆಯಿಂದ ಕೇಳುತ್ತ ಬರುತ್ತಿದ್ದ.

"ಅಳಿಯಾ, ಸುಖ ಐತೇನು?"

"ಐತಿ ಮಾಮಾ."

"ತೋರಿಸು!"

ಎಲ್ಲಿಂದ ತೋರಿಸಲಿ? ಕಿಸೆ ತಡಕಾಡಿದೆ! ಟಿಕೆಟು ತೆಗೆಯದೇ ಸಿಕ್ಕಿಬಿದ್ದ ಪ್ರಯಾಣಿಕನ ಹಾಗೆ ಮೈಯೆಲ್ಲಾ ಬೆವರು. ಅದುವರೆಗೂ ನನಗೆ ನಾನು ಸುಖವಾಗಿಯೇ ಇದ್ದೇನೆ ಅನ್ನಿಸುತ್ತಿತ್ತು. ಮಾಮಾ ಕೇಳಿದ ಮೇಲೆ ಸಂಶಯ ಸುರುವಾಯಿತು. ಇದು ಸುಖವೋ, ಇಲ್ಲಾ ಮಧ್ಯಾಹ್ನ ಹೆಚ್ಚು ಉಂಡಿದ್ದಕ್ಕೆ ಬಂದ ಮಂಪರೋ? ಅತ್ತಿಯನ್ನೂ ಕೇಳಿದ. ಅವಳು ಸಾರಿನ ಸವಟು ಎತ್ತಿ, "ಇಲ್ಲೈತಿ ನೋಡ್ರಿ. ಇನ್ನಷ್ಟು ಸಮೀಪ ಬರ್ರಿ" ಎಂದಳು. ತಪಾಸಣೆ ಮುಂದಿನ ಸೀಟಿಗೆ ಹೋಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಬಸವನ ಬಾಗೇವಾಡಿ ಕಡೆ ಮಸೂತಿಯಲ್ಲಿ ನಮ್ಮ ಬೀಗರ ಮನೆಯ ಲಗ್ನ. ಅಕ್ಷತೆ ಹಾಕಲು ವೇದಿಕೆ ಹತ್ತಿದ ಮಾಮಾ ಮದುಮಗನ ಕಿವಿಯ ಹತ್ತಿರ ಬಗ್ಗಿ, ಬಹಳ ಕಾಳಜಿಯಿಂದ ಕೇಳಿದ. "ತಮ್ಮಾ, ಖರೇ ಹೇಳು. ಸುಖ ಐತೇನು?" ಅಲ್ಲಿಯವರೆಗೆ ಬಾಸಿಂಗ ಕಟ್ಟಿಕೊಂಡು ಎಲ್ಲರಿಗೂ ಹಲ್ಲು ತೋರಿಸುತ್ತ ಕೂತಿದ್ದ ಹುಡುಗ ಯೋಚನೆಗೆ ಬಿದ್ದ. ಫೋಟೋದವನು "ನಗ್ರಿ, ನಗ್ರಿ" ಅನ್ನುತ್ತಾನೆ, ಇವನು ಸೂರು ನೋಡುತ್ತಾನೆ. ಮದುಮಗಳು ಕಣ್ಣು ದೊಡ್ಡದು ಮಾಡಿ "ಯಾಕ? ಏನಾತು?" ಅನ್ನುತ್ತಾಳೆ. ಅಷ್ಟು ಹೊತ್ತು ಯೋಚನೆ ಮಾಡಿದ್ದಕ್ಕೆ ಆ ಹುಡುಗ ಇನ್ನೂ ದಂಡ ತೆರುತ್ತಿದ್ದಾನೆ ಎಂದು ಕೇಳಿದ್ದೇನೆ! ಹುಡುಗನ ಅಪ್ಪ ನಮ್ಮ ಮಾಮಾನನ್ನು ಮಾತ್ರ ಕೈ ಹಿಡಿದು, ಬಲು ಮರ್ಯಾದೆಯಿಂದ, ಎಲ್ಲರಿಗಿಂತ ಮೊದಲು ಊಟಕ್ಕೆ ಕೂರಿಸಿ, ಎಲ್ಲರಿಗಿಂತ ಮೊದಲು ಬಸ್ಸಿಗೆ ಹತ್ತಿಸಿದ.

ಆದರೆ ನೋಡಿ, ಇಷ್ಟು ಹುಡುಕಿದರೂ ಮಾಮಾನ ಕೈಗೆ ಅದು ಸಿಗಲಿಲ್ಲ. ಒಂದು ದಿನ ನನ್ನನ್ನು ಕರೆದುಕೊಂಡು ಸಿಂದಗಿಗೆ ಹೋದ. ಬಸ್ ನಿಲ್ದಾಣದ ಎದುರಿಗೆ ಒಂದು ಮಿರ್ಚಿ ಭಜಿಯ ಗಾಡಿ. ನೌಕರಿಯಲ್ಲಿದ್ದಾಗ, ಸಿಂದಗಿ ಪಾಳಿ ಬಿದ್ದ ದಿನ ಬಸ್ಸು ಬಿಡುವ ಗಡಿಬಿಡಿಯಲ್ಲಿ ತಿಂದ ಆ ಭಜಿಯ ಬಗ್ಗೆ ಮಾಮಾ ಮಾತಾಡುತ್ತಿದ್ದರೆ ಕೇಳುವವರ ನಾಲಿಗೆ ಚುರ್ ಅನ್ನುತ್ತಿತ್ತು. ಈಗ ಆರಾಮಾಗಿ ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ, ಗುರೂಜಿ ಹೇಳಿದಂತೆ ಮೆಲ್ಲಗೆ ಅಗಿದ. ಅಗಿದ, ಅಗಿದ. ಮುಖ ಸಪ್ಪಗಾಯಿತು.

"ರುಚಿ ಹೋಗೇತಲೇ."

ಗಾಡಿಯವನಿಗೆ ಸಿಟ್ಟು ಬಂತು. "ಅದ ಎಣ್ಣಿ, ಅದ ಹಿಟ್ಟು, ಅದ ನಾನು! ನಿಮ್ಮ ನಾಲಿಗಿ ರಿಟೈರ್ ಆಗಿರಬೇಕು."

ಮಾಮಾ ಬಾಣಲೆಯಿಂದ ಆಗಷ್ಟೇ ಇಳಿದ ಇನ್ನೊಂದು ಭಜಿ ಕೈಗೆತ್ತಿಕೊಂಡ. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದ. "ಅಳಿಯಾ, ಚಾಚಾ ಹಾರ್ನ್ ಹೊಡದಂಗ ಹೊಡಿ ನೋಡೂಣು."

ನನಗೇನು! ಎರಡೂ ಕೈ ಬಾಯಿಗೆ ಹಿಡಿದು ದಸ್ತಗೀರ ಚಾಚಾನ ಹಾರ್ನ್ ಹೊಡೆದೆ, ಪೋಂ ಪೋಂ, ಪೋಂ! ಮಾಮಾ ಗಡಬಡಿಸಿ ಎದ್ದು ನಿಂತು, ಬಿಸಿ ಭಜಿಯನ್ನು ಬಾಯಿಗೆ ತುರುಕಿ, ನಾಲಿಗೆ ಸುಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿ, "ಹಾಂ, ಈಗ ಬಂತು ನೋಡು!" ಎಂದ. ಅವನ ಹಿಂದೆಯೇ, ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದ ಒಂದು ಸಂಸಾರ ಪೂರ್ತಿ, ಮಕ್ಕಳು, ಮುದುಕಿ, ನೀರಿನ ತತ್ರಾಣಿ ಸಮೇತ, "ಬಸ್ ಹೊಂಟೈತಿ, ಬಸ್ ಹೊಂಟೈತಿ" ಅನ್ನುತ್ತ ನಮ್ಮ ಕಡೆ ಓಡಿ ಬಂತು. ಅವತ್ತು ನಾವಿಬ್ಬರೂ ಸಿಂದಗಿ ಬಿಟ್ಟ ರೀತಿಯನ್ನು ವಿವರಿಸುವುದು ಬೇಡ.

ಇನ್ನೊಂದು ಸಂಜೆ ಅಗರಖೇಡಕ್ಕೆ ಕರೆದುಕೊಂಡು ಹೋದ. ಅತ್ತಿಯೂ ಜೊತೆಗಿದ್ದಳು. ಭೀಮಾ ನದಿಯ ದಂಡೆಯಲ್ಲಿ ಹೊತ್ತು ಮುಳುಗುವುದನ್ನು ನೋಡಿ ಸುಖಪಡುವುದು ಕಾರ್ಯಕ್ರಮ. ವಸ್ತಿ ಬಸ್ಸಿನ ದಿನಗಳಲ್ಲಿ ಇದೇ ನೀರಿಗಿಳಿದು ಕಾಲು ತೊಳೆಯುತ್ತ ಅವನು ಯಾವುದೋ ಅರ್ಧ ಹಾಡನ್ನು ಗುನುಗುತ್ತಿದ್ದನಂತೆ, ಚಾಚಾ ಹೇಳಿದ್ದು. ಈಗ ದಿಂಬು ಹಾಸಿ, ಬೆನ್ನು ನೆಟ್ಟಗೆ ಮಾಡಿ ಕೂತ. ನದಿ ತನ್ನ ಪಾಡಿಗೆ ತಾನು ತಾಮ್ರದ ಬಣ್ಣಕ್ಕೆ ತಿರುಗುತ್ತಿತ್ತು. ಆಚೆ ದಂಡೆಯಲ್ಲಿ ಯಾರೋ ಎಮ್ಮೆಗಳನ್ನು ಕೂಗಿ ಕರೆಯುತ್ತಿದ್ದರು, ಧ್ವನಿ ನೀರಿನ ಮೇಲೆ ಜಾರಿಕೊಂಡು ಬಂದು ನಮ್ಮ ಕಾಲ ಬಳಿ ಕರಗುತ್ತಿತ್ತು. ನನಗೆ ಅದನ್ನು ಅಣಕಿಸಬೇಕು ಅಂತಲೂ ಅನ್ನಿಸಲಿಲ್ಲ, ಅಷ್ಟು ಚಂದ ಇತ್ತು. ಅಷ್ಟರಲ್ಲಿ ಮಾಮಾ.

"ಏ ಇಕಿ, ಅನಸಾಕತ್ತೈತೇನು?"

"ಏನ್ರಿ?"

"ಸುಖ!"

"ಸೊಳ್ಳಿ ಕಡ್ಯಾಕತ್ತಾವ. ಅದು ಅನಸಾಕತ್ತೈತಿ."

"ಸ್ವಲ್ಪ ಮನಸ ಇಟ್ಟು ನೋಡು."

ಅತ್ತಿ ಮನಸ್ಸಿಟ್ಟು ನೋಡಿ, ತನ್ನ ಕೆನ್ನೆಗೆ ತಾನೇ ಪಟ್ಟನೆ ಹೊಡೆದುಕೊಂಡು, ಸತ್ತ ಸೊಳ್ಳೆಯನ್ನು ಮಾಮಾನ ಅಂಗೈಯಲ್ಲಿಟ್ಟಳು. ಹೊತ್ತು ಮುಳುಗಿದ್ದನ್ನು ಮೂವರೂ ನೋಡಲಿಲ್ಲ.

ಬರುವಾಗ ಬಸ್ಸಿನ ಕಿಟಕಿಯಲ್ಲಿ ಲಿಂಬೆ ಹೂವಿನ ವಾಸನೆ ಬಂತು. "ತಡಿ, ಇದ ಸುಖ!" ಎಂದು ಮಾಮಾ ಮೂಗರಳಿಸಿ ಜೋರಾಗಿ ಎಳೆದ. ವಾಸನೆ ಹೋಯಿತು, ಧೂಳು ಬಂತು. ಇಂಡಿ ಮುಟ್ಟುವ ತನಕ ಸೀನಿದ.

ಈಗ ಬರುತ್ತದೆ ಆ ಕೆಟ್ಟ ಗಳಿಗೆ. ಶಿಬಿರದ ಗೆಳೆಯನೊಬ್ಬ ಫೋನಿನಲ್ಲಿ ಹೇಳಿದನಂತೆ, ಸುಖ ಬರುವುದು ನಸುಕಿನ ನಿಶ್ಶಬ್ದದಲ್ಲಿ, ಮನೆಯಲ್ಲಿ ಒಂದು ಸಪ್ಪಳವೂ ಆಗಬಾರದು ಅಂತ. ಮಾಮಾ ಮೋಟರ್ ನಿಲ್ಲಿಸಿದ. ಕೋಳಿಯನ್ನು ನಮ್ಮ ಮನೆಗೆ ದಾಟಿಸಿದ. ಉಳಿದದ್ದು ಒಂದೇ ಸಪ್ಪಳ. ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಕಡಕ್ ರೊಟ್ಟಿ ತಂದು ಅತ್ತಿಯ ಮುಂದಿಟ್ಟ.

"ಇನ್ನ ಮುಂಜಾನೆ ನೀ ರೊಟ್ಟಿ ಬಡಿಯೂದು ಬ್ಯಾಡ. ಸಪ್ಪಳ ಆಗತೈತಿ. ನೀನೂ ಆರಾಮಿರು, ನಾನೂ ಆರಾಮಿರತೇನಿ."

ಅವನ ಮನಸ್ಸಿನಲ್ಲಿ ಹೆಂಡತಿಗೆ ವಿಶ್ರಾಂತಿ ಕೊಟ್ಟೆ ಅಂತಲೇ ಇತ್ತು, ಆಣೆ ಮಾಡಿ ಹೇಳುತ್ತೇನೆ. ಅತ್ತಿ ಆ ಚೀಲವನ್ನು ನೋಡಿದಳು. ತನ್ನ ಅಂಗೈ ನೋಡಿಕೊಂಡಳು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ನೀವು ಏನು ಬೇಕಾದರೂ ಅನ್ನಿ, ಬಣ್ಣ ಕಪ್ಪು ಅನ್ನಿ, ಮಾತು ಒರಟು ಅನ್ನಿ, ತಡೆದುಕೊಳ್ಳುತ್ತಾರೆ. ರೊಟ್ಟಿ ಬೇಡ ಅನ್ನಬಾರದು.

"ಇಷ್ಟು ವರ್ಷ ನನ್ನ ಕೈ ಸಪ್ಪಳ ನಿಮ್ಮ ಸುಖಕ್ಕ ಅಡ್ಡ ಆಗಿತ್ತೇನ್ರಿ?"

ಮಾಮಾ ಕಣ್ಣು ಮುಚ್ಚಿ ಉಸಿರು ಎಳೆಯುತ್ತಿದ್ದ. ಉತ್ತರ ಕೊಡಲು ಉಸಿರು ಬಿಡಬೇಕಿತ್ತು. ಬಿಡುವಷ್ಟರಲ್ಲಿ ಅತ್ತಿ ಒಳಗೆ ಹೋಗಿ ಸೀರೆ ಮಡಚುತ್ತಿದ್ದಳು. ಸಿಂದಗಿ ಕಡೆಯ ಯಂಕಂಚಿ ಅವಳ ತವರು. ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು. "ಸುಖ ಸಿಕ್ಕ ಮ್ಯಾಲೆ ಫೋನ್ ಮಾಡ್ರಿ. ನೋಡಾಕ ಬರತೇನಿ."

ಹೋದಳು.

ಮನೆ ನಿಶ್ಶಬ್ದವಾಯಿತು. ಎಂಥ ನಿಶ್ಶಬ್ದ! ಗಡಿಯಾರದ ಮುಳ್ಳು ಕೂಡ ಕ್ಷಮೆ ಕೇಳಿ ಮುಂದೆ ಹೋಗುತ್ತಿತ್ತು. ಮಾಮಾ ದಿಂಬಿನ ಮೇಲೆ ಕೂತು, ಗಂಟೆ ಬಾರಿಸಿ, ಸುಖದ ದಾರಿ ಕಾದ. ಸುಖ ಬರಲಿಲ್ಲ. ಬರುವುದು ಹಾಗಿರಲಿ, ಅಷ್ಟು ಕಾಲ ಕರೆಯದೇ ಬರುತ್ತಿದ್ದ ನಿದ್ದೆಯೂ ಹೋಯಿತು. ಮುಂಜಾನೆ ಹೋಗಿ ನೋಡಿದರೆ ಕಣ್ಣು ಕೆಂಡ. ಕಡಕ್ ರೊಟ್ಟಿ ಮುರಿದರೆ ಆ ಮನೆಯಲ್ಲಿ ಪಟಾಕಿ ಹೊಡೆದ ಹಾಗೆ ಕೇಳುತ್ತಿತ್ತು. ಫೋನ್ ಮಾಡು ಅಂದರೆ, "ಏನಂತ ಮಾಡ್ಲಿ? ಸಿಕ್ಕಿಲ್ಲಲ್ಲ" ಅನ್ನುತ್ತಿದ್ದ. ಅತ್ತ ನಮ್ಮವ್ವ ಯಂಕಂಚಿಗೆ ಫೋನ್ ಮಾಡಿದರೆ, ಅತ್ತಿ "ನಾ ಇಲ್ಲೇ ಇರಾಕಿ" ಅನ್ನುತ್ತಿದ್ದಳು. ಅದೂ ಸಿಟ್ಟಿನಿಂದಲ್ಲ, ಮೆಲ್ಲಗೆ. ಮೆಲ್ಲಗೆ ಹೇಳಿದ್ದಕ್ಕೇ ನಮ್ಮವ್ವನಿಗೆ ಹೆದರಿಕೆ ಬಂತು.

ಒಂದು ದಿನ ಮಾಮಾ ನನ್ನನ್ನು ಕರೆಸಿದ. "ಅಳಿಯಾ, ನಿಮ್ಮತ್ತಿ ಬೈದಂಗ ಸ್ವಲ್ಪ ಬೈ."

ನಾನು ಸೊಂಟದ ಮೇಲೆ ಕೈ ಇಟ್ಟು ಸುರು ಮಾಡಿದೆ. "ಏನ್ರೀ, ಚಾ ಆರಿ ನೀರಾಗಾಕತ್ತೈತಿ, ನೀವು ಗೂಬಿ ಕುಂತಂಗ ಕುಂತೀರಲ್ಲ! ಅಂಗೀ ಗುಂಡಿ ಹಾಕೋರಿ!" ಮಾಮಾ ಥಟ್ಟನೆ ಗುಂಡಿ ಹಾಕಿಕೊಂಡ. ಚಾ ಕುಡಿದ. ಬಹಳ ದಿನದ ಮೇಲೆ ಅವನ ಮುಖದಲ್ಲಿ ಬಣ್ಣ ಕಂಡಿತು. ನನಗೆ ಹೆಮ್ಮೆಯೋ ಹೆಮ್ಮೆ.

"ರೊಟ್ಟಿ ಬಡಿ ಈಗ."

"ಆಂ?"

"ರೊಟ್ಟಿ ಬಡಿಯೂ ಸಪ್ಪಳ ತಗಿ."

ತೊಡೆ ತಟ್ಟಿದೆ. "ಇದು ಡೊಳ್ಳು" ಎಂದ. ಹಿಟ್ಟು ಕಲಸುವ ಪರಾತ ಬೋರಲು ಹಾಕಿ ಬಡಿದೆ. "ಇದು ಯಾರೋ ಮಗನ ಬೆನ್ನಿಗೆ ಬಡದಂಗಾತು." ಬಾಯಲ್ಲಿ ತೆಗೆದೆ, ಗೋಡೆಗೆ ತಟ್ಟಿದೆ, ನನ್ನದೇ ಕೆನ್ನೆಗೆ ತಟ್ಟಿಕೊಂಡೆ. ಮಾಮಾ ತಲೆ ಅಲ್ಲಾಡಿಸುತ್ತಲೇ ಇದ್ದ. ಕೊನೆಗೆ ಕಣ್ಣು ಮುಚ್ಚಿ ತಾನೇ ಹೇಳತೊಡಗಿದ.

"ಹಂಗಲ್ಲಲೇ. ಮದಲ ಮೆಲ್ಲಕ ಬಡಿತಾಳ, ಹಿಟ್ಟಿಗೆ ಎಚ್ಚರ ಆಗಬಾರದು ಅನ್ನುವಂಗ. ಆಮ್ಯಾಲೆ ಜೋರ. ರೊಟ್ಟಿ ಅಗಲ ಆದಂಗ ಸಪ್ಪಳನೂ ಅಗಲ ಆಗತೈತಿ. ನಡುವ ರೊಟ್ಟಿ ತಿರಗಿಸತಾಳ ನೋಡು, ಆವಾಗ ಬಳಿ ಒಂದಕ್ಕೊಂದು ತಾಕತಾವ. ಎತ್ತಿ ಹಂಚಿನ ಮ್ಯಾಲೆ ಹಾಕೂ ಮದಲ ಒಂದು ಉಸರ ಬಿಡತಾಳ. ಆ ಉಸರಿಗೆ ನನ್ನ ಕಣ್ಣ ಮುಚ್ಚತಿದ್ವು."

ನಾನು ಕೈ ಕೆಳಗೆ ಬಿಟ್ಟೆ. "ಇಷ್ಟೆಲ್ಲಾ ಗೊತ್ತಿದ್ದು ಯಾಕ ನಿಲ್ಲಿಸಿದಿ ಮಾಮಾ?"

"ನಿಂತ ಮ್ಯಾಲೆ ಗೊತ್ತಾತಲೇ!"

ಇದನ್ನು ದಸ್ತಗೀರ ಚಾಚಾನಿಗೆ ಹೇಳಿದೆ. ಚಾಚಾನೂ ಈಗ ನೌಕರಿ ಮುಗಿಸಿ, ತನ್ನ ಲಿಂಬೆ ಗಿಡಗಳ ನಡುವೆ ಒಂದು ಹಗ್ಗದ ಹೊರಸು ಹಾಕಿಕೊಂಡು ಇರುತ್ತಾನೆ. ಮಾಮಾನನ್ನು ಕರೆಸಿ, ಚಾ ಕುಡಿಸಿ, ಬಹಳ ಸಮಾಧಾನದಿಂದ ಹೇಳಿದ.

"ಬಸ್ಸಿನ್ಯಾಗ ಕುಂತು, ಬಸ್ ಎಲ್ಲೈತಿ ಅಂತ ಕೇಳಾವ್ರನ್ನ ನಾವಿಬ್ರೂ ಬಾಳ ನೋಡೇವಿ. ಆದ್ರ ಬಸ್ ಹುಡುಕಾಕ ಅಂತ ಬಸ್ಸಿನಿಂದ ಜಿಗದಾಂವ ನೀ ಒಬ್ಬನ ನೋಡಪಾ."

ಮರುದಿನವೇ ನಾನೂ ಮಾಮಾನೂ ಯಂಕಂಚಿಗೆ ಹೊರಟೆವು. ದಿಂಬು ಮನೆಯಲ್ಲೇ ಉಳಿಯಿತು. ಬಸ್ಸಿನಲ್ಲಿ ಮಾಮಾ ಹೇಳಬೇಕಾದ ಮಾತಿನ ತಾಲೀಮು. ನಾನು ಅತ್ತಿಯ ಧ್ವನಿಯಲ್ಲಿ ಕೂತೆ.

"ನಂದ ತಪ್ಪಾತು" ಎಂದ ಮಾಮಾ.

"ಯಾವ ತಪ್ಪು? ಒಂದ ಮಾಡೀರೇನು?" ಎಂದೆ ನಾನು, ಅತ್ತಿಯಾಗಿ.

"ಎಲ್ಲಾ ತಪ್ಪೂ..."

"ಒಂದೊಂದ ಹೇಳ್ರಿ, ಕೇಳತೇನಿ."

ಮುಂದಿನ ಸೀಟಿನಲ್ಲಿದ್ದ ಮುದುಕಿ ತಿರುಗಿಯೂ ನೋಡದೇ ಅಂದಳು, "ಆಕಿ ಹೇಳೂದ ಬರೋಬ್ಬರಿ ಐತಿ ನೋಡಪಾ. ಗಂಡಸರಿಗೆ ಹಂಗ ಕೇಳಬೇಕು." ಇಳಿಯುವಾಗ ಆ ಹೆಂಗಸನ್ನು ಹರಸಿ ಹೋಗಬೇಕೆಂದು ಹಿಂದೆ ತಿರುಗಿದಳು. ಮೀಸೆಯ ನನ್ನನ್ನು ನೋಡಿ, ಹರಕೆಯನ್ನು ಬಾಯಲ್ಲೇ ಇಟ್ಟುಕೊಂಡು ಇಳಿದಳು.

ಯಂಕಂಚಿಯಲ್ಲಿ ಅತ್ತಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು. ಅವಳ ಅಣ್ಣ ಹೊಲಕ್ಕೆ ಹೋಗಿದ್ದ, ಮನೆಯಲ್ಲಿ ಅಣ್ಣನ ಹೆಂಡತಿ ಇದ್ದಳು. ನಮ್ಮನ್ನು ನೋಡಿದ ಅತ್ತಿ ನನಗೆ ಮಾತ್ರ ಅಂದಳು.

"ಬಾ ಅಳಿಯಾ. ಬಸ್ ಖಾಲಿ ಇತ್ತೇನು, ಯಾರ್ಯಾರನ್ನೋ ಕರಕೊಂಡು ಬಂದೀ?"

ಆದರೂ ಕಾಲಿಗೆ ನೀರು ಎರಡು ಚೊಂಬು ಬಂದವು. ಒಳಗೆ ಅಡುಗೆಮನೆಯ ಗೋಡೆಗೆ ಒರಗಿ ಮಾಮಾ ಕೂತ. ಅತ್ತಿ ಬಾಗಿಲಲ್ಲಿ ನಿಂತಳು.

"ನಿಮ್ಮ ಮಾಮಾನ ಕೇಳು, ಸುಖ ಸಿಕ್ತೇನಂತ."

ನಾನು ಮಾಮಾನ ಕಡೆ ತಿರುಗಿದೆ. ಅಷ್ಟು ತಾಲೀಮು ಮಾಡಿದವನು ಒಂದು ಅಕ್ಷರವನ್ನಾದರೂ ನೆನಪಿಟ್ಟಿದ್ದನೇ? ಚಾಪೆಯ ಕಡ್ಡಿ ಕೀಳುತ್ತ, "ನಿದ್ದಿ ಬರವಲ್ದು" ಎಂದ. ಆಮೇಲೆ, "ನಿನ್ನ ರೊಟ್ಟಿ... ಆ ಸಪ್ಪಳ..." ಎಂದು ನುಂಗಿಕೊಂಡ.

ಅತ್ತಿ ಉರಿದೆದ್ದಳು. "ಹಾಂ! ಸಪ್ಪಳದ ಮಾತ ಆಡಾಕ ಇಲ್ಲಿತನಕಾ ಬಂದ್ರೇನು? ಇದು ನಮ್ಮಣ್ಣನ ಮನಿ. ಇಲ್ಲಿ ನನಗ ಬ್ಯಾಡ ಅನ್ನಾವ್ರು ಯಾರೂ ಇಲ್ಲ. ಬಡಿಯಾಕಿ ನಾ, ಬಡಿಯಾಕೀನ!"

ದಡದಡ ಒಳಗೆ ಹೋದಳು. ಹಿಟ್ಟು ಹಾಕಿದಳು, ಕಲಸಿದಳು. ಬಡಿದಳು ನೋಡಿ! ಆ ಮೊದಲ ರೊಟ್ಟಿಯಲ್ಲಿ ಅವಳು ಯಾರನ್ನು ಬಡಿಯುತ್ತಿದ್ದಾಳೆ ಅನ್ನುವುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಎರಡನೆಯದರಲ್ಲೂ ಅವನೇ. ನಾನು ಇತ್ತ, ಏನಾದರೂ ಅನ್ನು ಮಾಮಾ, ಮಾತಾಡು, ಎಂದು ಮೊಳಕೈಯಿಂದ ತಿವಿದೆ.

ತಿರುಗಿ ಮಾಮಾನನ್ನು ನೋಡಿದೆ. ತಲೆ ಮೆಲ್ಲಗೆ ಗೋಡೆಗೆ ತಾಗಿತ್ತು. ಬಾಯಿ ಚೂರು ತೆರೆದಿತ್ತು. ಮೊಣಕಾಲ ಮೇಲಿನ ಕೈ ಜಾರಿ, ಬೆರಳು ಬಿಚ್ಚಿ, ಚಾಪೆಯ ಮೇಲೆ ಬಿದ್ದಿತ್ತು. ಎಷ್ಟು ದಿನದಿಂದ ಎಲ್ಲೋ ದಾರಿ ತಪ್ಪಿ ಅಲೆಯುತ್ತಿದ್ದ ನಿದ್ದೆ, ಗೋಡೆಯ ಆಚೆಯ ಸಪ್ಪಳದ ಗುರುತು ಹಿಡಿದು, ಸರಿಯಾಗಿ ಆ ಮನೆಗೇ ಬಂದು ಮುಟ್ಟಿತ್ತು. ಬಾಗಿಲ ಬಿಸಿಲಲ್ಲಿ ಜೋಳದ ಹಿಟ್ಟಿನ ಧೂಳು ನಿಧಾನವಾಗಿ ತೇಲುತ್ತಿತ್ತು.

ನಾನು ಅಡುಗೆಮನೆಗೆ ಇಣುಕಿ, ಬೆರಳು ತೋರಿಸಿ, ಕತ್ತು ಓರೆ ಮಾಡಿ ಮಾಮಾ ಮಲಗಿದ್ದನ್ನು ಅಣಕಿಸಿದೆ. ನನ್ನ ಕಸುಬು, ಬಿಡಲಾಗುತ್ತದೆಯೇ? ಅತ್ತಿ ಬಡಿಯುತ್ತಲೇ ಹಿಂದಕ್ಕೆ ಬಾಗಿ ಬಾಗಿಲಿನಿಂದ ನೋಡಿದಳು. ಬಹಳ ಹೊತ್ತು ನೋಡಿದಳು. ಕೈ ನಿಲ್ಲಲಿಲ್ಲ. ಆದರೆ ಸಪ್ಪಳ ಬದಲಾಯಿತು. ಸಿಟ್ಟಿನ ರೊಟ್ಟಿ ಇಳಿದು, ದಿನದ ರೊಟ್ಟಿ ಬಂತು. ಮೊದಲು ಮೆಲ್ಲಗೆ, ಹಿಟ್ಟಿಗೆ ಎಚ್ಚರವಾಗಬಾರದು ಅನ್ನುವ ಹಾಗೆ. ಆಮೇಲೆ ಅಗಲವಾಗಿ. ನಡುವೆ ಬಳೆ ಬಳೆಗೆ ತಾಗಿತು. ಹಂಚಿಗೆ ಹಾಕುವ ಮೊದಲು ಒಂದು ಉಸಿರು. ಮಾಮಾ ಹೇಳಿದ ಹಾಗೆಯೇ, ಒಂದೂ ತಪ್ಪಿಲ್ಲದೆ! ಅದನ್ನು ನಾನು ಎಲ್ಲಿಂದ ತೆಗೆಯಲಿ ಹೇಳಿ?

ಬುಟ್ಟಿ ತುಂಬಿತು. ಆ ಮನೆಗೆ ನಾಳೆಗೂ ಸಾಕಾಗುವಷ್ಟು ಆಯಿತು. ಅಣ್ಣನ ಹೆಂಡತಿ ಬಂದು, "ಅಕ್ಕಾರ, ಸಾಕ ಬಿಡ್ರಿ. ಹಿಟ್ಟೂ ಮುಗೀತು" ಎಂದಳು.

ಅತ್ತಿ ಕೊನೆಯ ರೊಟ್ಟಿಯನ್ನು ಹಂಚಿಗೆ ಹಾಕಿ ಒಂದು ಗಳಿಗೆ ಕೈ ನಿಲ್ಲಿಸಿದಳು. ಗೋಡೆಯ ಈಚೆ ಮಾಮಾ ಅಲುಗಾಡಿದ. ಕಣ್ಣು ಬಿಡಲಿಲ್ಲ.

"ಆತೇನು?"

ಅತ್ತಿ ಬಲಗೈ ಬೆರಳನ್ನು ತುಟಿಯ ಮೇಲಿಟ್ಟು ನಮ್ಮಿಬ್ಬರನ್ನೂ ಸುಮ್ಮನಿರಿಸಿದಳು. ಆಮೇಲೆ ರೊಟ್ಟಿಯಿಲ್ಲದ, ಹಿಟ್ಟಿಲ್ಲದ ಬರೀ ಕಲ್ಲಿನ ಮೇಲೆ ಬರಿಯ ಅಂಗೈಯಿಂದ ಮತ್ತೆ ಬಡಿಯತೊಡಗಿದಳು. ಇಲ್ಲದ ರೊಟ್ಟಿಯನ್ನು ಮೆಲ್ಲಗೆ ತಿರುಗಿಸುತ್ತ, ಬಳೆಗಳನ್ನು ಒಂದಕ್ಕೊಂದು ತಾಗಿಸುತ್ತ, ಗೋಡೆಯ ಆಚೆಗೆ ಕೇಳುವಷ್ಟೇ ಧ್ವನಿಯಲ್ಲಿ ಹೇಳಿದಳು.

"ಇಲ್ರಿ. ಇನ್ನಾ ಬಾಳ ಐತಿ. ಮಲಕ್ಕೋರಿ."